ಒಂಟಿಸಲಗದ ಎಚ್‌ಪಿ ಇಳಿಸಬೇಡಿ: ಒಂದು ಮಲೆನಾಡು ಸ್ಯಾಂಡ್‌ಬಾಕ್ಸ್ ನಕ್ಷೆಯ ರಿಪೇರಿ

ದಾಳ ಹಾಕಿ ಪಾತ್ರಗಳನ್ನು ಆಡಿಸುವ ಮೇಜಿನ ಆಟವೊಂದರ ರಿಪೇರಿ ಇದು; ಸ್ಯಾಂಡ್‌ಬಾಕ್ಸ್, ಅಂದರೆ ಆಟಗಾರರು ನಕ್ಷೆಯಲ್ಲಿ ಬೇಕಾದ ಕಡೆ ಹೋಗಬಹುದಾದ ಬಗೆಯದು. ಬಂದ ಸಾಮಾನು ಇಷ್ಟು: ಎ3 ಹಾಳೆಯ ಒಂದು ಹೆಕ್ಸ್ (ಆರು ಬದಿಯ ಮನೆಗಳ) ನಕ್ಷೆ, ಎಂಟು ಸಾಲಿನ ಒಂದು ಎನ್‌ಕೌಂಟರ್ ಪಟ್ಟಿ (ದಾರಿಯಲ್ಲಿ ಏನು ಎದುರಾಗುತ್ತದೆ ಎಂಬುದು), ಎರಡನೇ ಲೆವೆಲ್‌ನ ನಾಲ್ಕು ಪಾತ್ರಗಳು. ದೂರು ಏನೆಂದರೆ, ತೀರ್ಥಹಳ್ಳಿಯಿಂದ ಆಗುಂಬೆಗೆ ರಸ್ತೆ ಬಿಟ್ಟು ಕಾಡುಹಾದಿ ಹಿಡಿದ ಪಾರ್ಟಿ (ಪಾತ್ರಗಳ ತಂಡ) ಎರಡನೇ ದಿನ ಸಂಜೆ ಒಂಟಿಸಲಗಕ್ಕೆ ಸಿಕ್ಕಿತು. ಮೂರು ಸುತ್ತಿನೊಳಗೆ ಇಬ್ಬರು ಸತ್ತರು, ಉಳಿದಿಬ್ಬರಿಗೆ ಓಡಲೂ ಆಗಲಿಲ್ಲ. ಸಲಗದ ಎಚ್‌ಪಿ (ಎಷ್ಟು ಪೆಟ್ಟು ತಾಳಬಲ್ಲದು ಎಂಬ ಅಂಕಿ) ಅರ್ಧ ಮಾಡಿದರಾಯಿತು ಅನ್ನುವುದು ಎಲ್ಲರಿಗೂ ಮೊದಲು ಹೊಳೆಯುವ ಮದ್ದು. ಅದರಿಂದ ಏನೂ ವಾಸಿಯಾಗುವುದಿಲ್ಲ. ಸಡಿಲಾಗಿದ್ದ ಕೀಲು ಬೇರೆ ಕಡೆ ಇತ್ತು.

ನಿಯಮ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್) ಐದನೇ ಆವೃತ್ತಿಯದು, 2014ರ ಲೆಕ್ಕ. ಪ್ರಾಣಿಗಳ ಅಂಕಿಗಳೆಲ್ಲ ಅದರ ಮುಕ್ತ ನಿಯಮಪುಸ್ತಕ ಎಸ್‌ಆರ್‌ಡಿ 5.1ರಲ್ಲಿವೆ; ಅದು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್‌ಗೆ ಬಂದಿದ್ದರಿಂದ ಯಾರು ಬೇಕಾದರೂ ತಾಳೆ ನೋಡಬಹುದು. ಆಟದ ಕಾಲ 1763ರ ನಂತರದ್ದು. ಹೈದರಾಲಿ ಬಿದನೂರು ಹಿಡಿದಾಗಿದೆ, ಕೆಳದಿ ಅರಸರ ಕಾಲದ ಸುಂಕದ ಕಟ್ಟೆಗಳಲ್ಲಿ ಈಗ ಯಾರು ಕೂತಿದ್ದಾರೆ ಎಂಬುದು ಘಟ್ಟ ಇಳಿಯುವವನಿಗೆ ಎದುರಿಗೆ ಬಂದಾಗಲೇ ಗೊತ್ತು. ಸ್ಯಾಂಡ್‌ಬಾಕ್ಸ್‌ಗೆ ಇದಕ್ಕಿಂತ ಒಳ್ಳೆಯ ಮಣ್ಣು ಸಿಗುವುದು ಕಷ್ಟ.

ಹಾಳೆ

ಎ3 ಅಂದರೆ 297 × 420 ಮಿ.ಮೀ. ಹೆಕ್ಸ್‌ನ ಎದುರುಬದುರು ಬದಿಗಳ ನಡುವೆ 25 ಮಿ.ಮೀ. ಇಟ್ಟು, ಒಂದು ಹೆಕ್ಸ್‌ಗೆ 6 ಕಿ.ಮೀ. ಎಂದು ಹಿಡಿದರೆ ಉದ್ದಕ್ಕೆ 16, ಅಗಲಕ್ಕೆ 13 ಸಾಲು ಕೂರುತ್ತವೆ; ಹತ್ತಿರ ಹತ್ತಿರ 96 × 67 ಕಿ.ಮೀ. ಹಾಳೆಯ ಉದ್ದವನ್ನು ದಕ್ಷಿಣೋತ್ತರ ಇಟ್ಟರೆ ಆಗುಂಬೆಯಿಂದ ಜೋಗದವರೆಗೆ ಹಿಡಿಯುತ್ತದೆ, ಕೊಡಚಾದ್ರಿ, ನಗರ, ಕವಲೇದುರ್ಗ, ಹುಂಚ ಎಲ್ಲ ಒಳಗೆ ಬರುತ್ತವೆ. ಶಿವಮೊಗ್ಗ ಪೂರ್ವದ ಅಂಚಿನಾಚೆ ಉಳಿಯುತ್ತದೆ. ಉಳಿಯಲಿ; ನಕ್ಷೆಯ ಹೊರಗೊಂದು ದೊಡ್ಡ ಪೇಟೆ ಇರುವುದು ಒಳ್ಳೆಯದೇ.

6 ಕಿ.ಮೀ. ಯಾಕೆಂದರೆ ಲೆಕ್ಕ ಸುಲಭ. ಪುಸ್ತಕದ ಪ್ರಕಾರ ದಿನದ ಸಾಧಾರಣ ನಡಿಗೆ 24 ಮೈಲಿ, ಅಂದರೆ 38 ಕಿ.ಮೀ. ಚಿಲ್ಲರೆ. ಕಷ್ಟದ ನೆಲದಲ್ಲಿ ಅರ್ಧ, 19. ಕಾಡಿನಲ್ಲಿ ದಿನಕ್ಕೆ ಮೂರು ಹೆಕ್ಸ್, ಬಂಡಿಹಾದಿಯಲ್ಲಿ ಆರು. ಬಾಯಲ್ಲೇ ನಡೆಯುವ ಗಣಿತ.

ಟ್ರೇಸ್ ಮಾಡುವಾಗ ಒಂದು ತಪ್ಪು ನುಸುಳಿತ್ತು. ಈಗಿನ ನಕ್ಷೆಯ ಮೇಲೆ ಹಾಳೆ ಇಟ್ಟು ಎಳೆದರೆ ಲಿಂಗನಮಕ್ಕಿಯ ಹಿನ್ನೀರೂ ಜೊತೆಗೇ ಬಂದುಬಿಡುತ್ತದೆ. ಅಣೆಕಟ್ಟು 1964ರದ್ದು, ಆಟ ಅದಕ್ಕಿಂತ ಇನ್ನೂರು ವರ್ಷ ಹಿಂದಿನದು. ಹಿನ್ನೀರು ಅಳಿಸಿ ಶರಾವತಿಯನ್ನು ಹೊಳೆಯಾಗಿ ಎಳೆದದ್ದೇ ಹತ್ತಾರು ಹೆಕ್ಸ್‌ಗಳಲ್ಲಿ ನೆಲ ಹುಟ್ಟಿತು, ಜೊತೆಗೆ ದಾಟುವ ಕಡವುಗಳೂ ಹುಟ್ಟಿದವು. ವಾರಾಹಿಯ ಮಾಣಿ ಹಿನ್ನೀರಿಗೂ ಇದೇ ಶಾಸ್ತ್ರ.

ಹಾಳೆಯನ್ನು ಲ್ಯಾಮಿನೇಟ್ ಮಾಡಿಸಲೇಬೇಕು. ಜುಲೈನಲ್ಲಿ ಈ ಸೀಮೆಯಲ್ಲಿ ಬರೀ ಕಾಗದ ಎರಡು ವಾರಕ್ಕೆ ಹಪ್ಪಳದ ಹಿಟ್ಟಿನಂತಾಗುತ್ತದೆ, ಜೆಲ್ ಪೆನ್ನಿನ ಶಾಯಿ ಹರಡುತ್ತದೆ. ಮೇಲೆ ಬರೆಯಲು ವೈಟ್‌ಬೋರ್ಡ್ ಪೆನ್ ಬೇಡ, ಕೈ ತಾಗಿದರೆ ಅಳಿಸುತ್ತದೆ. ಸಿಡಿ ಮಾರ್ಕರ್ ಬಳಸಿ, ಬೇಡವಾದದ್ದನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ. ಗುರುತಿಗೆ ಒಣಗಿದ ಅಡಿಕೆಯ ಹೋಳು. ಚಪ್ಪಟೆ ಬದಿ ಕೆಳಗಿಟ್ಟರೆ ಜಾರುವುದಿಲ್ಲ. ಗುಲಗಂಜಿ ಚೆಂದ ಕಾಣುತ್ತದೆ, ಆದರೆ ಅದು ವಿಷದ ಬೀಜ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮೇಜಿನ ಹತ್ತಿರವೂ ತರಬೇಡಿ.

ಮುರಿದದ್ದು ಎಲ್ಲಿ

ಮೊದಲು ಪಟ್ಟಿಯ ಲೆಕ್ಕ. ಕಾಡಿನಲ್ಲಿ ದಿನಕ್ಕೆ ಮೂರು ಸಲ ದಾಳ: ಬೆಳಗ್ಗೆ, ಸಂಜೆ, ರಾತ್ರಿ. 1ಡಿ6ರಲ್ಲಿ (ಆರು ಮುಖದ ಒಂದು ದಾಳ; 3ಡಿ8 ಎಂದರೆ ಎಂಟು ಮುಖದ ಮೂರು) 1 ಅಥವಾ 2 ಬಿದ್ದರೆ ಎನ್‌ಕೌಂಟರ್. ಎರಡು ದಿನಕ್ಕೆ ಆರು ದಾಳ. ಒಂದಾದರೂ ಎನ್‌ಕೌಂಟರ್ ಬೀಳುವ ಸಾಧ್ಯತೆ ಶೇ. 91. ಇದರಲ್ಲಿ ತಪ್ಪಿಲ್ಲ, ಕಾಡು ಸುಮ್ಮನಿರಬಾರದು. ಆದರೆ ಪಟ್ಟಿ 1ಡಿ8ರದ್ದು, ಮೊದಲ ಸಾಲಿನಲ್ಲೇ ಒಂಟಿಸಲಗ. ಒಂದು ದಾಳಕ್ಕೆ ಸಲಗ ಎದುರಾಗುವ ಸಾಧ್ಯತೆ 24ಕ್ಕೆ 1. ಸಣ್ಣದು ಅನ್ನಿಸುತ್ತದೆ. ಆರು ದಾಳಕ್ಕೆ ಅದೇ ಶೇ. 22.5 ಆಗುತ್ತದೆ. ಆಗುಂಬೆಗೆ ಹೋಗುವ ನಾಲ್ಕು ಪಾರ್ಟಿಗಳಲ್ಲಿ ಹೆಚ್ಚುಕಡಿಮೆ ಒಂದಕ್ಕೆ ಸಲಗ ಖಾಯಂ. ಪಟ್ಟಿ ಬರೆಯುವವರು ಒಂದು ದಾಳದ ಲೆಕ್ಕ ನೋಡುತ್ತಾರೆ, ಇಡೀ ಪ್ರಯಾಣದ್ದನ್ನು ನೋಡುವುದಿಲ್ಲ.

ಈಗ ಹೊಡೆತ. ಎಸ್‌ಆರ್‌ಡಿಯ ಆನೆ: ಎಸಿ (ತಾಗಿಸಲು ದಾಳದಲ್ಲಿ ಮುಟ್ಟಬೇಕಾದ ಅಂಕಿ) 12, ಎಚ್‌ಪಿ 76, ವೇಗ 40 ಅಡಿ, ಎಕ್ಸ್‌ಪಿ (ಗೆದ್ದರೆ ಸಿಗುವ ಅನುಭವದ ಅಂಕ) 1100. ಎರಡನೇ ಲೆವೆಲ್‌ನ ನಾಲ್ವರಿಗೆ ‘ಮಾರಕ’ ಗಡಿ 800. ಅಂದರೆ ಗಡಿ ದಾಟಿದ್ದು ಬರಹದಲ್ಲೇ ಕಾಣುತ್ತಿತ್ತು. ಆದರೆ ಕೊಂದದ್ದು ಎಕ್ಸ್‌ಪಿ ಅಲ್ಲ, ಸರಪಳಿ. ಆನೆ 20 ಅಡಿ ನೇರ ನುಗ್ಗಿ ದಂತದಿಂದ ತಿವಿದರೆ 3ಡಿ8+6, ಸರಾಸರಿ 19. ತಿವಿಸಿಕೊಂಡವನು ಡಿಸಿ 12ರ ಶಕ್ತಿ ಸೇವ್ (ದಾಳದಲ್ಲಿ 12 ಮುಟ್ಟಿ ತಪ್ಪಿಸಿಕೊಳ್ಳುವುದು) ಸೋತರೆ ಬೀಳುತ್ತಾನೆ, ಬಿದ್ದವನ ಮೇಲೆ ಅದೇ ಸರದಿಯಲ್ಲಿ ಬೋನಸ್ ಆಕ್ಷನ್‌ನ (ಹೆಚ್ಚುವರಿ ನಡೆಯ) ತುಳಿತ. ಮಂತ್ರವಾದಿಯ ಪೂರ್ತಿ ಎಚ್‌ಪಿ 14. ತಿವಿತಕ್ಕೇ ಸೊನ್ನೆ, ಪ್ರಜ್ಞೆ ಇಲ್ಲ. ಪ್ರಜ್ಞೆ ಇಲ್ಲದವನು ಶಕ್ತಿ ಸೇವ್ ತಾನಾಗಿ ಸೋಲುತ್ತಾನೆ. ಐದು ಅಡಿಯೊಳಗಿನಿಂದ ಅವನಿಗೆ ತಾಗಿದ ಹೊಡೆತ ಕ್ರಿಟಿಕಲ್, ಪೆಟ್ಟಿನ ದಾಳ ಎರಡರಷ್ಟು. ತುಳಿತ 3ಡಿ10+6 ಇದ್ದದ್ದು 6ಡಿ10+6 ಆಯಿತು, ಸರಾಸರಿ 39. ಸೊನ್ನೆಯಲ್ಲಿರುವವನಿಗೆ ಅವನ ಪೂರ್ತಿ ಎಚ್‌ಪಿಯಷ್ಟು ಪೆಟ್ಟು ಬಿದ್ದರೆ ಡೆತ್ ಸೇವ್ (ಬದುಕುಳಿಯಲು ಹಾಕುವ ದಾಳ) ಕೂಡ ಇಲ್ಲ, ಸಾವೇ. ಇಷ್ಟೆಲ್ಲ ಒಂದೇ ಸರದಿಯಲ್ಲಿ.

ಈಗ ಎಚ್‌ಪಿ 76ನ್ನು 38ಕ್ಕೆ ಇಳಿಸಿ ನೋಡಿ. ಮೊದಲ ಸುತ್ತಿನಲ್ಲಿ ಆನೆಯ ಸರದಿ ಮೊದಲು ಬಂದರೆ ಮಂತ್ರವಾದಿ ಆಗಲೂ ಸತ್ತ. ಉಳಿದವರು ಎರಡು ಸುತ್ತಿನಲ್ಲಿ ಆನೆಯನ್ನು ಕೊಂದರು. ಎರಡು ಸಾವಿನಲ್ಲಿ ಒಂದು ತಪ್ಪಿತು ಅಷ್ಟೆ, ಮೇಲಿಂದ ಆಟಗಾರರು ಆನೆಯನ್ನು ಹೊಡೆಯಬಹುದು ಎಂದು ಕಲಿತರು. ಮುಂದಿನ ಆನೆಗೆ ಅವರಾಗಿಯೇ ಎದುರು ಹೋಗುತ್ತಾರೆ. ಇಂಥ ರಿಪೇರಿ ಮಾಡದಿರುವುದೇ ವಾಸಿ.

ಸ್ಯಾಂಡ್‌ಬಾಕ್ಸ್‌ನಲ್ಲಿ ಸಮತೋಲ ನೋಡಬೇಕಾದ್ದು ನಾಲ್ಕು ಕಡೆ: ಸುದ್ದಿ ಮೊದಲೇ ತಲುಪಿತೇ, ಎಷ್ಟು ದೂರದಿಂದ ಕಂಡಿತು, ಕಂಡ ಕೂಡಲೇ ಮೈಮೇಲೆ ಬರುತ್ತದೆಯೇ, ತಪ್ಪಿಸಿಕೊಳ್ಳಲು ಜಾಗ ಇದೆಯೇ. ಹಳೆಯ ನಕ್ಷೆಯಲ್ಲಿ ಈ ನಾಲ್ಕೂ ಖಾಲಿ.

ಸಲಗವನ್ನು ಪಟ್ಟಿಯಿಂದ ಕಿತ್ತದ್ದು

ಮೊದಲ ಪ್ರಯತ್ನ: ಪಟ್ಟಿಯನ್ನು 2ಡಿ6ಕ್ಕೆ ಬದಲಾಯಿಸಿ ಸಲಗವನ್ನು 2ರಲ್ಲಿ ಕೂರಿಸಿದ್ದು. 36ಕ್ಕೆ 1, ಆರು ದಾಳದ ಪ್ರಯಾಣಕ್ಕೆ ಶೇ. 5.4. ಲೆಕ್ಕ ಚೆನ್ನಾಗಿದೆ, ಆಟ ಚೆನ್ನಾಗಿಲ್ಲ. ಅಪಾಯ ಅಪರೂಪವಾಯಿತೇ ಹೊರತು ತಿಳಿಯುವಂಥದ್ದಾಗಲಿಲ್ಲ. ಅಪರೂಪಕ್ಕೆ, ಕಾರಣವೇ ಇಲ್ಲದೆ ಸಾಯುವುದು ಪದೇಪದೇ ಸಾಯುವುದಕ್ಕಿಂತ ಹೆಚ್ಚು ರೇಗಿಸುತ್ತದೆ.

ಎರಡನೆಯದು ನಿಂತಿತು. ಸಲಗ ಪಟ್ಟಿಯಲ್ಲಿ ಇಲ್ಲವೇ ಇಲ್ಲ; ನಕ್ಷೆಯ ಮೇಲೆ ಒಂದು ಅಡಿಕೆ ಹೋಳು. ಆಟಗಾರರ ನಕ್ಷೆಯಲ್ಲಲ್ಲ, ಜಿಎಂ (ಆಟ ನಡೆಸುವವರು) ಹತ್ತಿರ ಇರುವ ಪ್ರತಿಯಲ್ಲಿ. ದಿನಕ್ಕೊಮ್ಮೆ 1ಡಿ6 ಹಾಕಿ ಹೋಳನ್ನು ಒಂದು ಹೆಕ್ಸ್ ಜರುಗಿಸುವುದು. ಆರು ಬದಿಗೆ ಆರು ಅಂಕಿ ಎಂದು ಶುರು ಮಾಡಿದ್ದು ಕೆಟ್ಟಿತು. ಹೀಗೆ ಗೊತ್ತುಗುರಿಯಿಲ್ಲದೆ ಅಲೆದ ಹೋಳು 16 ದಿನಕ್ಕೆ ಸುಮಾರು ನಾಲ್ಕು ಹೆಕ್ಸ್ ದೂರ ಹೋಗಿರುತ್ತದೆ, ಯಾವತ್ತಾದರೂ ಹಾಳೆಯಿಂದಲೇ ಇಳಿದುಬಿಡುತ್ತದೆ. ಆನೆ ಹಾಗೆ ಅಲೆಯುವುದಿಲ್ಲ, ಹೊಟ್ಟೆ ಹೇಳಿದ ಕಡೆ ಹೋಗುತ್ತದೆ. ತಿದ್ದಿದ ನಿಯಮ: 1–3 ಬಿದ್ದರೆ ಮೇವಿನ ಕಡೆಗೆ ಒಂದು ಹೆಕ್ಸ್, 4–5 ಅಲ್ಲೇ, 6 ಬಿದ್ದರೆ ಮತ್ತೊಂದು ದಾಳ ಹಾಕಿ ಯಾವ ದಿಕ್ಕಿಗಾದರೂ. ಮೇವು ಎಲ್ಲಿ ಎನ್ನುವುದು ಕಾಲಕ್ಕೆ ತಕ್ಕಂತೆ: ಬೇಸಿಗೆಯ ಕೊನೆಯಿಂದ ಮಳೆ ಹಿಡಿಯುವವರೆಗೆ ಹಲಸಿನ ಮರಗಳಿರುವ ತೋಟದ ಹೆಕ್ಸ್, ಆಮೇಲೆ ಬಿದಿರು ಮತ್ತು ಬೈನೆ.

ಹೋಳು ಇರುವ ಹೆಕ್ಸ್‌ನ ಸುತ್ತಲ ಆರು ಹೆಕ್ಸ್‌ಗಳಲ್ಲಿ ಬರೀ ಕುರುಹು. ಲದ್ದಿ ಬಿಸಿಯಾಗಿದೆಯೇ, ಒಣಗಿ ಅಣಬೆ ಎದ್ದಿದೆಯೇ; ಬೈನೆ ಮರ ಉರುಳಿಸಿ ತಿರುಳು ತಿಂದಿದೆಯೇ. ಒಳ ಹೊಕ್ಕರೆ ಮೊದಲ ದಾಳಕ್ಕೆ ಸದ್ದು: ಬಿದಿರು ಮುರಿಯುವ ಲಟಲಟ, ಇಲ್ಲವೇ ಸದ್ದೇ ಇಲ್ಲ. ಆ ಸದ್ದು ಕೇಳಿಯೂ ಅದೇ ಹೆಕ್ಸ್‌ನಲ್ಲಿ ಮುಂದುವರಿದರೆ ಮಾತ್ರ ಮುಂದಿನ ದಾಳಕ್ಕೆ ಮುಖಾಮುಖಿ. ಅಷ್ಟರಲ್ಲಿ ಆಟಗಾರರು ಎರಡು ಸಲ ತಿರುಗಿ ಹೋಗಬಹುದಿತ್ತು. ಆಮೇಲೆ ಸತ್ತರೂ ಮೇಜಿನ ಸುತ್ತ ಯಾರೂ ಜಿಎಂ ಮುಖ ನೋಡುವುದಿಲ್ಲ, ‘ನಾನು ಹೇಳಿದ್ದೆ’ ಎಂದು ಪಕ್ಕದವನ ಮುಖ ನೋಡುತ್ತಾರೆ.

ದೂರ, ಮತ್ತು ಕಿವಿ ಅಗಲಿಸುವುದು

ಐದನೇ ಆವೃತ್ತಿಯಲ್ಲಿ ತೆಳುವಾಗಿರುವ ಎರಡು ಭಾಗಗಳನ್ನು ಡಿ ಅಂಡ್ ಡಿಯದೇ 1981ರ ಬೇಸಿಕ್ ಮತ್ತು ಎಕ್ಸ್‌ಪರ್ಟ್ ನಿಯಮಗಳಿಂದ ಎರವಲು ತಂದು ಕೂರಿಸಲಾಯಿತು. ಒಂದು, ಕಾಣುವ ದೂರ. ಬೇಣದಂಥ ಬಯಲಲ್ಲಿ 4ಡಿ6 × 10 ಗಜ. ಕಾನಿನೊಳಗೆ ಅದು ನಡೆಯುವುದಿಲ್ಲ, ಹತ್ತು ಮಾರು ಕಂಡರೆ ಹೆಚ್ಚು. ಅಲ್ಲಿ ನೆಲಮಾಳಿಗೆಯ ಅಳತೆಯನ್ನೇ ಬಳಸಿದೆ: 2ಡಿ6 × 10 ಅಡಿ, ಸರಾಸರಿ 70.

ಈ ಸಣ್ಣ ದಾಳದ ಫಲ ದೊಡ್ಡದು. ಆನೆಯ ನಡೆ 40 ಅಡಿ, ಚಾಚು 5. 50 ಅಡಿ ಅಥವಾ ಹೆಚ್ಚು ದೂರದಲ್ಲಿ ಕಂಡರೆ ಮೊದಲ ಸರದಿಯಲ್ಲಿ ಅದು ತಿವಿಯಲಾರದು. 2ಡಿ6ರಲ್ಲಿ 4 ಅಥವಾ ಕಡಿಮೆ ಬೀಳುವುದು ಶೇ. 17 ಮಾತ್ರ. ಉಳಿದ ಶೇ. 83 ಸಂದರ್ಭದಲ್ಲಿ ಪಾರ್ಟಿಗೆ ಒಂದು ಪೂರ್ತಿ ಸರದಿ ಕೈಯಲ್ಲಿರುತ್ತದೆ. ಎಚ್‌ಪಿ ಇಳಿಸಿ ಸಿಗದ ಉಸಿರು ಇಲ್ಲಿ ಸಿಕ್ಕಿತು.

ಎರಡು, ರಿಯಾಕ್ಷನ್ ದಾಳ: ಎದುರಾದದ್ದು ಹೇಗೆ ನಡೆದುಕೊಳ್ಳುತ್ತದೆ ಎಂಬುದು, 2ಡಿ6ರಲ್ಲಿ. ಪುಸ್ತಕದ ಪಟ್ಟಿ ಎಲ್ಲ ಪ್ರಾಣಿಗೂ ಒಂದೇ. ಸಲಗಕ್ಕೆ ಬೇರೆ ಬರೆದರೆ ಜೀವ ಬರುತ್ತದೆ. 2–3: ನಿಜವಾಗಿ ನುಗ್ಗುತ್ತದೆ (ಶೇ. 8). 4–6: ಹುಸಿ ನುಗ್ಗು, 30 ಅಡಿ ದೂರದಲ್ಲಿ ನಿಂತು ಮಣ್ಣು ಒದೆಯುತ್ತದೆ (ಶೇ. 33). 7–9: ಕಿವಿ ಅಗಲಿಸಿ ನೋಡುತ್ತದೆ (ಶೇ. 42). 10–12: ತಿರುಗಿ ಹೋಗುತ್ತದೆ (ಶೇ. 17). ಗಾಳಿ ಪಾರ್ಟಿ ಕಡೆಯಿಂದ ಬೀಸುತ್ತಿದ್ದರೆ −1. ಗುಂಪಿನ ಹೆಣ್ಣಾನೆಗೆ ಇದೇ ಪಟ್ಟಿ ಬಳಸುವಾಗ ಮರಿ ಇದ್ದರೆ −2; ಆಗ ನಿಜದ ನುಗ್ಗು ಶೇ. 28ಕ್ಕೆ ಏರುತ್ತದೆ. ಹುಸಿ ನುಗ್ಗಿಗೆ ಯಾರಾದರೂ ಬಾಣ ಬಿಟ್ಟರೆ ಮುಂದೆ ದಾಳ ಇಲ್ಲ, ಅದು ನಿಜದ ನುಗ್ಗೇ.

ದಾಳದ ಬದಲು ಚೌಕಾಬಾರದ ಕವಡೆ ಬಳಸುವ ಆಸೆ ಬರುತ್ತದೆ. ಬೇಡ. ಕವಡೆ ಎರಡು ಬದಿಗೂ ಸಮನಾಗಿ ಬೀಳುವುದಿಲ್ಲ, ಶೇಕಡಾ ಲೆಕ್ಕವೆಲ್ಲ ಹಳ್ಳ ಹಿಡಿಯುತ್ತದೆ.

ಒಂದು ಕಾರ್ಡ್

ಪ್ರತಿ ಅಪಾಯದ ಹೆಕ್ಸ್‌ಗೆ 3 × 5 ಇಂಚಿನ ಒಂದು ಕಾರ್ಡ್. ಹಿಂದೆ ಏನೂ ಬರೆಯಬಾರದು. ಕಾರ್ಡ್ ತಿರುಗಿಸಬೇಕಾಗಿ ಬಂದರೆ ಬರೆದದ್ದು ಹೆಚ್ಚಾಯಿತು ಎಂದೇ ಅರ್ಥ. ಕವಲೇದುರ್ಗದ ಬುಡದ ಕಾನಿನ ಕಾರ್ಡ್‌ನಲ್ಲಿ ಇರುವುದು ಇದು:

ನೆಲ: ಕಾನು, ದಾರಿ ಒಂದಾಳಿನ ಅಗಲ. ದಾಳ: 6ರಲ್ಲಿ 2. ಅಪಾಯ: ಕಾಳಿಂಗ, ಗೂಡಿನ ಮೇಲೆ. ಊರಲ್ಲಿ ಸುದ್ದಿ: ದರಗು (ಒಣ ಎಲೆ) ತರಲು ಹೋದವರು ಈ ವರ್ಷ ಆ ಕಡೆ ಗುಡಿಸಿಲ್ಲ. ದಾರಿಯಲ್ಲಿ: ಕೇರೆಹಾವು ಒಂದೂ ಕಾಣುವುದಿಲ್ಲ. ಜಾಗದಲ್ಲಿ: ಯಾರೋ ಒಟ್ಟಿದಂಥ ಎಲೆರಾಶಿ, ಮೊಣಕಾಲೆತ್ತರ. ಹೊರದಾರಿ: ಕೋಟೆಯ ಮೆಟ್ಟಿಲು, ಪಶ್ಚಿಮದ ಹಳ್ಳ (ಮಳೆಗಾಲದಲ್ಲಿ ಇಲ್ಲ). ಆಸರೆ: ಕೋಟೆಗೋಡೆಯ ಬಿರುಕು, ಡಿಸಿ 12 ಹತ್ತುವುದು.

ಸುದ್ದಿ ಮೂರು ಕಡೆ ಇರುವುದನ್ನು ಗಮನಿಸಿ: ಊರು, ದಾರಿ, ಜಾಗ. ಒಂದನ್ನು ಆಟಗಾರರು ಕೇಳಿಸಿಕೊಳ್ಳುವುದಿಲ್ಲ, ಇನ್ನೊಂದನ್ನು ತಪ್ಪು ತಿಳಿಯುತ್ತಾರೆ, ಮೂರನೆಯದು ಉಳಿಯುತ್ತದೆ. ಊರಿನ ಸುದ್ದಿ ಸುಳ್ಳಾಗಿರಬಹುದು, ಆದರೆ ಯಾವುದರಲ್ಲಿ ಸುಳ್ಳು ಎಂಬುದಕ್ಕೆ ಮಿತಿ ಇದೆ. ‘ಅಲ್ಲಿ ಚೌಡಿ ಮುನಿದಿದ್ದಾಳೆ’ ಎಂದು ಕಾರಣ ತಪ್ಪು ಹೇಳಲಿ. ‘ಅಲ್ಲಿ ಏನೂ ಇಲ್ಲ, ಹೋಗಿ’ ಎಂದು ಹೇಳಿಸಬಾರದು. ಅಂಥ ಸುಳ್ಳು ಒಮ್ಮೆ ಹೇಳಿದರೆ ಮುಂದೆ ಯಾವ ಸುದ್ದಿಯನ್ನೂ ನಂಬುವುದಿಲ್ಲ, ಇಡೀ ಏರ್ಪಾಟು ಕುಸಿಯುತ್ತದೆ.

ಕಾಳಿಂಗಕ್ಕೆ ಎಸ್‌ಆರ್‌ಡಿಯ ದೈತ್ಯ ವಿಷಸರ್ಪದ ಅಂಕಿ ಹೊಂದುತ್ತದೆ. ಆದರೆ ಅದರ ಚೀಟಿ ನಂಬಬೇಡಿ. ಸಿಆರ್ (ಅಪಾಯದ ಮಟ್ಟ) ಕಾಲು, 50 ಎಕ್ಸ್‌ಪಿ ಎಂದಿದೆ. ಕಡಿತ 1ಡಿ4+4, ಮೇಲೆ ಡಿಸಿ 11 ಸೋತರೆ 3ಡಿ6 ವಿಷ. ಕೂಡಿದರೆ ಸರಾಸರಿ 17, ಅದೇ 14 ಎಚ್‌ಪಿಯ ಮಂತ್ರವಾದಿ ನೆಲಕ್ಕೆ. ಎಚ್‌ಪಿ 11 ಇರುವುದರಿಂದ ಸಿಆರ್ ಕಡಿಮೆ ಬಂದಿದೆ ಅಷ್ಟೆ. ಇಲ್ಲಿ ಮಾಡಿದ ತಿದ್ದುಪಡಿ ಪ್ರಾಣಿಯ ಸ್ವಭಾವದಿಂದಲೇ ಬಂದದ್ದು: ಎಲೆ ಒಟ್ಟಿ ಗೂಡು ಕಟ್ಟುವ ಹಾವು ಅದೊಂದೇ, ಬೇಸಿಗೆಯಲ್ಲಿ ಮೊಟ್ಟೆ ಕಾಯುತ್ತದೆ, ಕಚ್ಚುವ ಮೊದಲು ಹೆಡೆ ಎತ್ತಿ ನಿಲ್ಲುತ್ತದೆ. ಮೊದಲ ಸರದಿ ಅದು ನಿಲ್ಲುವುದಕ್ಕೇ. ಸರದಿಗೆ 10 ಅಡಿಯಂತೆ ಹಿಂದೆ ಸರಿದರೆ ಕಚ್ಚುವುದಿಲ್ಲ. ಮಳೆಗಾಲ ಶುರುವಾದ ಮೇಲೆ ಕಾರ್ಡ್ ತೆಗೆದಿಡಿ.

ಸುಂಕದ ಕಟ್ಟೆ

ಘಟ್ಟದ ತಲೆಯಲ್ಲಿ 12 ದರೋಡೆಕೋರರು. 12 × 25 = 300 ಎಕ್ಸ್‌ಪಿ, 11ರಿಂದ 14 ಜನರ ಗುಂಪಿಗೆ ಮೂರರ ಗುಣಕ, 900. ಮತ್ತೆ ಮಾರಕ ಗಡಿಯಾಚೆ. (2024ರ ಪರಿಷ್ಕರಣೆಯಲ್ಲಿ ಈ ಗುಣಕ ಇಲ್ಲ, ಅಲ್ಲಿನ ಲೆಕ್ಕ ನಂಬಿದರೆ ಇದೇ ಗುಂಪು ಹಗುರವಾಗಿ ಕಾಣುತ್ತದೆ, ಜೋಪಾನ.) ಹನ್ನೆರಡೂ ಜನ ಮರೆಯಿಂದ ಬಿಲ್ಲು ಬಿಟ್ಟರೆ, ಎಸಿ 15ರ ಎದುರು ಶೇ. 45 ತಾಗುತ್ತವೆ, ಒಂದಕ್ಕೆ ಸರಾಸರಿ 5.5, ಮೊದಲ ಸುತ್ತಿಗೇ 30 ಎಚ್‌ಪಿ ಹೋಯಿತು. ನಾಲ್ವರದೂ ಸೇರಿ ಇರುವುದೇ 66.

ತಲೆ ಎಣಿಕೆ ಕಡಿಮೆ ಮಾಡಲಿಲ್ಲ. ನಾಲ್ವರನ್ನು ದಾರಿಯಲ್ಲಿ ಅಡ್ಡಗಂಬದ ಹತ್ತಿರ ಕಾಣುವಂತೆ ನಿಲ್ಲಿಸಿ, ಎಂಟು ಜನರನ್ನು ಮೇಲಿನ ಬಂಡೆಗೆ ಕಳಿಸಿದೆ. ಮೊದಲ ಬಾಣ ನೆಲಕ್ಕೆ, ಎಚ್ಚರಿಕೆಗೆ. ಆಮೇಲೆ ಬೇಡಿಕೆ: ಹೇರಿಗೆ ಇಷ್ಟು, ತಲೆಗೆ ಇಷ್ಟು. ಬದುಕಿರುವ ಪ್ರಯಾಣಿಕ ನಾಳೆಯೂ ಸುಂಕ ಕೊಡುತ್ತಾನೆ, ಕೊಂದರೆ ಒಂದೇ ಸಲದ ಲಾಭ. ದರೋಡೆಕೋರನಿಗೂ ಇಷ್ಟು ಲೆಕ್ಕ ಗೊತ್ತು. ಜಗಳವೇ ಆದರೆ ಮೊರಾಲ್ (ಎದೆಗಾರಿಕೆ) 7: ಮೊದಲ ಸಾವಿಗೊಮ್ಮೆ, ಅರ್ಧ ಜನ ಬಿದ್ದಾಗ ಇನ್ನೊಮ್ಮೆ 2ಡಿ6, 7ಕ್ಕಿಂತ ಹೆಚ್ಚು ಬಿದ್ದರೆ ಓಟ. ಒಂದು ದಾಳಕ್ಕೆ ಶೇ. 42, ಎರಡೂ ಸೇರಿ ಶೇ. 66. ಹುಲಿಗೂ ಹೀಗೇ, ಮೂರನೇ ಒಂದು ಎಚ್‌ಪಿ ಹೋದರೆ ಅದು ಪೊದೆಯೊಳಗೆ. ಸಾಯುವವರೆಗೆ ನಿಂತು ಬಡಿದಾಡುವ ಹುಲಿ ಎಲ್ಲೂ ಇಲ್ಲ.

ಭೂತ, ಚೌಡಿಯ ಬನಗಳ ಕಾರ್ಡ್‌ನಲ್ಲಿ ಎಚ್‌ಪಿ ಕಾಲಂ ಹೊಡೆದುಹಾಕಿದೆ. ಎಚ್‌ಪಿ ಬರೆದರೆ ಕಡಿಯುತ್ತಾರೆ. ಅದರ ಜಾಗದಲ್ಲಿ ಏನು ಕೊಡಬೇಕು, ಏನು ಮುಟ್ಟಬಾರದು ಎಂಬ ಎರಡು ಸಾಲು.

ಮಂಗನ ಕಾಯಿಲೆಯನ್ನೂ ಅಪಾಯದ ಹೆಕ್ಸ್ ಮಾಡಬಹುದು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗುರುತಾದದ್ದಕ್ಕೆ ಆಟದ ಕಾಲದಲ್ಲಿ ಹೆಸರಿಲ್ಲ, ಕುರುಹು ಮಾತ್ರ: ದಾರಿಯಲ್ಲಿ ಸತ್ತ ಮಂಗ. ಹರಡುವುದು ಉಣುಗು, ಆದ್ದರಿಂದ ಒಣ ತಿಂಗಳುಗಳಲ್ಲಿ ಮಾತ್ರ. ಸೋಂಕು ತಗುಲಿ ಜ್ವರ ಬರಲು 3ರಿಂದ 8 ದಿನ, ಅಂದರೆ ಸರಿಯಾಗಿ 1ಡಿ6+2. ಡಿಸಿ 12 ಸೋತರೆ ಒಂದು ಹಂತದ ಬಳಲಿಕೆ, ದಿನ ಬಿಟ್ಟು ದಿನ ಮತ್ತೆ ಸೇವ್. ಉಂಬಳಕ್ಕೆ ನಿಯಮ ಬೇಡ. ಬರೆದಿದ್ದನ್ನು ತೆಗೆದುಹಾಕಿದೆ, ಮಳೆಗಾಲದಲ್ಲಿ ಪ್ರತಿ ಗಂಟೆಗೆ ದಾಳ ಹಾಕುತ್ತಾ ಕೂತರೆ ಆಟ ಮುಗಿಯುವುದಿಲ್ಲ.

ಮಳೆ ಹಿಡಿದಾಗ

ಇಷ್ಟೆಲ್ಲ ಕೂಡಿಸಿದ ಮೇಲೂ ಒಂದು ಕಡೆ ಸೋರುತ್ತಿತ್ತು. ಬೇಸಿಗೆಯಲ್ಲಿ ಸರಿಯಾಗಿ ನಡೆದ ಹೆಕ್ಸ್ ಆರಿದ್ರಾ ಮಳೆಯಲ್ಲಿ ಮತ್ತೆ ಕೊಲ್ಲತೊಡಗಿತು. ಪ್ರಾಣಿ ಅದೇ, ಪಾರ್ಟಿ ಅದೇ, ದೂರದ ದಾಳವೂ ಅದೇ. ಕಾರ್ಡ್ ನೋಡಿದರೆ ತಿಳಿಯಿತು: ಎರಡು ಹೊರದಾರಿಯಲ್ಲಿ ಒಂದು ಹಳ್ಳ. ಸಂಕ ಕೊಚ್ಚಿ ಹೋಗಿದೆ, ನೀರು ಎದೆಮಟ್ಟ. ಉಳಿದ ಒಂದೇ ದಾರಿಯಲ್ಲಿ ಆನೆ ನಿಂತಿದೆ.

ಹಾಗಾಗಿ ವರ್ಷಕ್ಕೆ ನಾಲ್ಕು ಸಲ ಕಾರ್ಡ್‌ಗಳ ಮೇಲೆ ಕಣ್ಣಾಡಿಸಬೇಕು. ಹೊರದಾರಿ ಎರಡಕ್ಕಿಂತ ಕಡಿಮೆಯಾದ ಪ್ರತಿ ಕಾರ್ಡ್‌ಗೆ ಆಸರೆ ಒಂದು ಹೆಚ್ಚಿಸಬೇಕು: ತೋಟದ ಅಗಳು, ದೊಡ್ಡ ಮರ, ಪಾಳು ಗುಡಿ, ಬಂಡೆಯ ಸಂದು. ಮಳೆಯ ಸದ್ದಿನಲ್ಲಿ ಬಿದಿರಿನ ಲಟಲಟ ಕೇಳುವುದಿಲ್ಲ, ಆದ್ದರಿಂದ ಪುನರ್ವಸುವಿನಿಂದ ಆಶ್ಲೇಷದವರೆಗೆ ಸದ್ದಿನ ಕುರುಹನ್ನೆಲ್ಲ ವಾಸನೆಗೋ ಹೆಜ್ಜೆಗೋ ಬದಲಾಯಿಸಬೇಕು. ಕೆಸರಿನಲ್ಲಿ ಹೆಜ್ಜೆ ಚೆನ್ನಾಗಿಯೇ ಮೂಡುತ್ತದೆ, ಆದರೆ ಅರ್ಧ ಗಂಟೆಗೆ ನೀರು ತುಂಬಿ ಎಷ್ಟು ಹಳೆಯದೆಂದು ಹೇಳಲಾಗದು. ಹಳ್ಳ ದಾಟುವವರಿಗೆ ಡಿಸಿ 15, ಹಗ್ಗ ಕಟ್ಟಿದ್ದರೆ 10, ಸೋತರೆ ಒಂದು ಹೆಕ್ಸ್ ಕೆಳಗೆ ಎದ್ದು ಸಾಮಾನು ಅರ್ಧ ನೀರುಪಾಲು. ಬದುಕಿದ್ದಾರೆ, ಆದರೆ ಬೇರೆ ಹೆಕ್ಸ್‌ನಲ್ಲಿ, ಒದ್ದೆ ಮದ್ದಿನ ಪುಡಿಯೊಂದಿಗೆ.

ಹಸ್ತ, ಚಿತ್ತೆ ಮಳೆ ಬರುವ ಹೊತ್ತಿಗೆ ಬತ್ತ ಹೊಡೆಯಾಗಿರುತ್ತದೆ. ಆಗ ಅಡಿಕೆ ಹೋಳಿನ ‘ಮೇವಿನ ಕಡೆ’ಯನ್ನು ಬಿದಿರಿನಿಂದ ಗದ್ದೆಯ ಹೆಕ್ಸ್‌ಗಳಿಗೆ ತಿರುಗಿಸಿ, ಅಲ್ಲಿ ರಾತ್ರಿಯ ದಾಳವನ್ನು 6ರಲ್ಲಿ 3 ಮಾಡಿ.